ಬಿಗಿ ಮತ್ತು ಸಡಿಲ

ನಮ್ಮ ಮಾತಿನಲ್ಲಿ 'ಬಿಗಿ'ಗೆ ಇರುವ ಮರ್ಯಾದೆ 'ಸಡಿಲ'ಕ್ಕೆ ಇಲ್ಲ. ಪದ್ಯ ಚೆನ್ನಾಗಿದ್ದರೆ ಅದರ ಬಂಧ ಬಿಗಿಯಾಗಿದೆ ಎನ್ನುತ್ತೇವೆ; ಚೆನ್ನಾಗಿಲ್ಲದಿದ್ದರೆ ಶೈಲಿ ಸಡಿಲವಾಯಿತು ಎನ್ನುತ್ತೇವೆ. ಆಡಳಿತ ಬಿಗಿಯಾಗಿರಬೇಕು, ಬಂದೋಬಸ್ತು ಬಿಗಿಯಾಗಿರಬೇಕು, ಮನೆಯ ಯಜಮಾನನ ಕೈ ಬಿಗಿಯಾಗಿರಬೇಕು. ಸಡಿಲವಾದದ್ದೆಂದರೆ ನಾಲಗೆ, ನಡತೆ, ಮುದುಕರ ಹಲ್ಲು. ಹೀಗೆ ಬೈಸಿಕೊಂಡೇ ಬಂದಿರುವ ಸಡಿಲದ ಪರವಾಗಿ ಎರಡು ಮಾತು ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಅದಕ್ಕೆ ನಾನು ಸಾಕ್ಷಿಯಾಗಿ ಕರೆಯುತ್ತಿರುವುದು, ಓದುಗರು ಬೆಚ್ಚಬಾರದು, ಒಂದು ಪಿಸ್ತೂಲನ್ನು.

ಪಿಸ್ತೂಲಿಗೂ ನಿಮಗೂ ಏನು ಸಂಬಂಧ ಎಂದು ಕೇಳುವುದು ನ್ಯಾಯವೇ. ನನ್ನ ಕೈ ಬಲ್ಲ ಆಯುಧಗಳೆಂದರೆ ಅರ, ಉಳಿ, ಸುತ್ತಿಗೆ ಇಷ್ಟೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಫಿಟರ್ ಕೆಲಸ ಮಾಡಿ, ನಿವೃತ್ತನಾದ ಮೇಲೆ ಅಮೆರಿಕದ ಒಹಾಯೊ ಸಂಸ್ಥಾನದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದೆ. ಪಕ್ಕದ ಮನೆಯ ಗೃಹಸ್ಥರು ಎಪ್ಪತ್ತು ದಾಟಿದವರು; ಗುರಿ ಹೊಡೆಯುವ ಪಂದ್ಯಗಳಲ್ಲಿ ಜೀವಮಾನ ಕಳೆದವರು. ಅವರ ಮೋಟಾರು ಶೆಡ್ಡಿನಲ್ಲಿ ಒಂದು ವೈಸು, ಗೋಡೆಯ ಮೇಲೆ ಅಳತೆಯ ಪ್ರಕಾರ ಜೋಡಿಸಿದ ಅರಗಳು. ವೈಸು ಕಂಡ ಫಿಟರಿಗೆ ಬೇರೆ ಆಹ್ವಾನ ಬೇಕಿಲ್ಲ. ಪಿಸ್ತೂಲಿನ ವಿಷಯ ನಾನು ತಿಳಿದದ್ದು ಆ ವೈಸಿನ ಪಕ್ಕದಲ್ಲಿ ನಿಂತು.

ಅವರು ಬಹುವಾಗಿ ಕೈಯಾಡಿಸುತ್ತಿದ್ದದ್ದು '1911' ಎಂಬ ಹೆಸರಿನ ಪಿಸ್ತೂಲಿನ ಮೇಲೆ. ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ 1855ರಲ್ಲಿ ಹುಟ್ಟಿದ ಜಾನ್ ಬ್ರೌನಿಂಗ್ ಎಂಬಾತ ಅದರ ನಿರ್ಮಾತೃ. 1911ರ ಮಾರ್ಚಿಯಲ್ಲಿ ಅಮೆರಿಕದ ಸೈನ್ಯ ಅದನ್ನು ಸ್ವೀಕರಿಸಿತು. 1985ರಲ್ಲಿ ಬೇರೊಂದು ಪಿಸ್ತೂಲು ಬರುವವರೆಗೂ ಅದೇ ಸೈನ್ಯದ ಅಧಿಕೃತ ಪಿಸ್ತೂಲಾಗಿತ್ತು. ಒಂದು ಯಂತ್ರ 74 ವರ್ಷ ಕೆಲಸದಲ್ಲಿ ಉಳಿಯಬೇಕಾದರೆ ಅದರಲ್ಲಿ ಏನೋ ಗುಟ್ಟಿರಬೇಕು.

ಅದರ ಕೆಲಸದ ಕ್ರಮವನ್ನು ಸ್ವಲ್ಪ ಹೇಳಬೇಕು. ನನ್ನ ವಾದವೆಲ್ಲ ಅದರ ಮೇಲೆ ನಿಂತಿದೆ. ಕೆಳಗೆ ಹಿಡಿಯಿರುವ ಫ್ರೇಮು. ಅದರ ಮೇಲೆ ಎರಡು ಪಕ್ಕದ ಹಳಿಗಳಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುವ ಸ್ಲೈಡು. ಸ್ಲೈಡಿನ ಒಳಗೆ ನಳಿಗೆ. ತೋಟಾ ಸಿಡಿದಾಗ ಗುಂಡು ಮುಂದಕ್ಕೆ ಹೋಗುತ್ತದೆ, ಸ್ಲೈಡೂ ನಳಿಗೆಯೂ ಒಂದಕ್ಕೊಂದು ಕಚ್ಚಿಕೊಂಡು ಹಿಂದಕ್ಕೆ ಸರಿಯುತ್ತವೆ. ಒಂದಿಷ್ಟು ದೂರ ಸರಿದ ಮೇಲೆ ನಳಿಗೆಯ ಹಿಂತುದಿ ಕೆಳಕ್ಕಿಳಿದು ಕಚ್ಚು ಬಿಡುತ್ತದೆ. ಸ್ಲೈಡು ತಾನೊಂದೇ ಹಿಂದಕ್ಕೆ ಓಡಿ, ಖಾಲಿ ತೋಟಾವನ್ನು ಎಳೆದು ಹೊರಗೆಸೆಯುತ್ತದೆ. ಅಷ್ಟರಲ್ಲಿ ಕುಗ್ಗಿದ ಸ್ಪ್ರಿಂಗು ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಬರುವಾಗ ಸ್ಲೈಡು ಮ್ಯಾಗಜಿನ್ನಿನಿಂದ ಹೊಸ ತೋಟಾ ಒಂದನ್ನು ದೂಡಿಕೊಂಡು ಬಂದು, ನಳಿಗೆಯೊಳಗೆ ಸೇರಿಸಿ, ನಳಿಗೆಯನ್ನು ಎತ್ತಿ ಮತ್ತೆ ಕಚ್ಚಿಕೊಳ್ಳುತ್ತದೆ. ಇಷ್ಟೂ ಸಂಸಾರ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಮುಗಿಯುತ್ತದೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಸ್ಲೈಡು ಹಿಂದಕ್ಕೆ ಹೋಗುವಾಗ ಅದರ ಬೆನ್ನಿಗೆ ಸಿಡಿಮದ್ದಿನ ಬಲವಿದೆ. ದಾರಿಯಲ್ಲಿ ಸ್ವಲ್ಪ ಉಜ್ಜಾಟವಿದ್ದರೂ ಲೆಕ್ಕಕ್ಕಿಲ್ಲ. ಹಿಂದಿರುಗಿ ಬರುವಾಗ ಮದ್ದಿಲ್ಲ. ಇರುವುದು ಒಂದೇ ಒಂದು ಸ್ಪ್ರಿಂಗು. ಈ ಪಿಸ್ತೂಲಿನಲ್ಲಿ ಸಾಮಾನ್ಯವಾಗಿ 16 ಪೌಂಡಿನದು. ಕೆಲಸವೋ ಹಿಂದಿರುಗುವಾಗಲೇ ಹೆಚ್ಚು: ತೋಟಾ ದೂಡಬೇಕು, ಏರು ಹತ್ತಿಸಬೇಕು, ನಳಿಗೆ ಎತ್ತಬೇಕು, ಕಚ್ಚಬೇಕು. ಹಳಿ ಬಿಗಿಯಾಗಿದ್ದರೆ, ಒಣಗಿದ್ದರೆ, ಸ್ಪ್ರಿಂಗಿನ ಶಕ್ತಿ ಉಜ್ಜಾಟದಲ್ಲೇ ಖರ್ಚಾಗಿ ಸ್ಲೈಡು ಕೊನೆಯ ಒಂದು ಉಗುರಿನಂಚಿನಷ್ಟು ಮುಟ್ಟದೆ ನಿಲ್ಲುತ್ತದೆ. ಬಾಗಿಲು ಪೂರ್ತಿ ಮುಚ್ಚಿಲ್ಲದ್ದರಿಂದ ಟ್ರಿಗರ್ ಒತ್ತಿದರೂ ಪಿಸ್ತೂಲು ಸಿಡಿಯುವುದಿಲ್ಲ. ಹಾಗೆ ಸಿಡಿಯದಂತೆ ಒಳಗೆ ಒಂದು ತುಂಡನ್ನು ಬ್ರೌನಿಂಗನೇ ಇಟ್ಟಿದ್ದಾನೆ. ಕೆಟ್ಟದ್ದೇನಲ್ಲ, ಮುರಿದದ್ದೇನಲ್ಲ, ಆದರೂ ಆ ಕ್ಷಣಕ್ಕೆ ಅದು ಒಂದು ಕಬ್ಬಿಣದ ತುಂಡು.

ಬ್ರೌನಿಂಗನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದುದರಿಂದ ಅವನ ಪಿಸ್ತೂಲಿನಲ್ಲಿ ಭಾಗ ಭಾಗಕ್ಕೂ ನಡುವೆ ಸಂದು ಇದೆ. ಹಳೆಯ ಸೈನ್ಯದ ಪಿಸ್ತೂಲನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡುತ್ತದೆಂದು ಜನ ತಮಾಷೆ ಮಾಡುವುದುಂಟು. 1911ರ ಪರೀಕ್ಷೆಯಲ್ಲಿ ಆ ಗಿಲಕಿಯಿಂದ 6000 ತೋಟಾಗಳನ್ನು ಹಾರಿಸಿದರು. ನೂರು ಹಾರಿಸಿ ತುಸು ಆರಲು ಬಿಡುವುದು, ಸಾವಿರಕ್ಕೊಮ್ಮೆ ಒರೆಸಿ ಎಣ್ಣೆ ಹಾಕುವುದು, ಹೀಗೆ. ಬ್ರೌನಿಂಗನ ಪಿಸ್ತೂಲು ಒಮ್ಮೆಯೂ ನಿಲ್ಲಲಿಲ್ಲವೆಂದೂ ಎದುರಾಳಿ ಸ್ಯಾವೇಜ್ ಕಂಪನಿಯದು 37 ಸಲ ತಡವರಿಸಿತೆಂದೂ ಹೇಳುತ್ತಾರೆ. ಆರು ಸಾವಿರ ಎಂಬ ಸಂಖ್ಯೆಯನ್ನು ಎಲ್ಲರೂ ಹೊಗಳುತ್ತಾರೆ; ಸಾವಿರಕ್ಕೊಮ್ಮೆ ಎಣ್ಣೆ ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ನನ್ನಂಥ ಫಿಟರಿನ ಕಣ್ಣು ಮೊದಲು ಹೋಗುವುದು ಅಲ್ಲಿಗೆ.

ಸಂದಿನಿಂದ ಇನ್ನೊಂದು ಲಾಭವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಪಿಸ್ತೂಲನ್ನು ಬಂದೂಕಿನವರಲ್ಲದವರೂ ಮಾಡಿದರು. ಟೈಪ್‌ರೈಟರಿಗೆ ಹೆಸರಾದ ರೆಮಿಂಗ್ಟನ್ ರ‍್ಯಾಂಡ್ ಕಂಪನಿ ಎಂಟು ಲಕ್ಷಕ್ಕೂ ಹೆಚ್ಚು ಮಾಡಿತು. ರೈಲ್ವೆ ಸಿಗ್ನಲ್ಲಿನ ಕಂಪನಿಯೊಂದು ಮಾಡಿತು. ನಮ್ಮ ಅಜ್ಜಿಯರ ನಡುಮನೆಯಲ್ಲಿ ಟಕಟಕ ಎನ್ನುತ್ತಿದ್ದ ಹೊಲಿಗೆ ಯಂತ್ರದ ಸಿಂಗರ್ ಕಂಪನಿಯೂ 1941ರಲ್ಲಿ 500 ಪಿಸ್ತೂಲು ಮಾಡಿಕೊಟ್ಟಿತು. ಒಂದು ಕಾರ್ಖಾನೆಯ ಸ್ಲೈಡು ಇನ್ನೊಂದು ಕಾರ್ಖಾನೆಯ ಫ್ರೇಮಿನ ಮೇಲೆ ಕೂರಬೇಕಾದರೆ ಇಬ್ಬರೂ ಕೊಂಚ ಬಿಟ್ಟುಕೊಡಬೇಕು. ಆ ಬಿಟ್ಟುಕೊಟ್ಟದ್ದಕ್ಕೇ ಸಂದು ಎಂದು ಹೆಸರು.

ಹಾಗಾದರೆ ಬಿಗಿಯ ಪಿಸ್ತೂಲು ಎಲ್ಲಿಂದ ಬಂತು? ಪಂದ್ಯದಿಂದ ಬಂತು. ಒಹಾಯೊದಲ್ಲೇ, ಈರೀ ಸರೋವರದ ದಂಡೆಯಲ್ಲಿ, ಕ್ಯಾಂಪ್ ಪೆರಿ ಎಂಬ ಸ್ಥಳವಿದೆ. 1907ರಿಂದ ಅಲ್ಲಿ ಗುರಿ ಪಂದ್ಯಗಳು ನಡೆಯುತ್ತ ಬಂದಿವೆ. ಐವತ್ತು ಗಜ ದೂರದಲ್ಲಿ ಹತ್ತು ಅಂಕದ ವೃತ್ತ ಮೂರೂವರೆ ಇಂಚು ಅಗಲವೂ ಇಲ್ಲ. ಒಂದೇ ಕೈ ಚಾಚಿ ಅದನ್ನು ಹೊಡೆಯಬೇಕು. ಗಿಲಕಿಗೆ ಇದು ಆಗದ ಕೆಲಸ. ನಳಿಗೆ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಕೂರಬೇಕು. ಅದಕ್ಕಾಗಿ ಸೈನ್ಯದ ಕುಶಲಿಗಳು ಸ್ಲೈಡನ್ನು ಒತ್ತಿ ಕಿರಿದುಮಾಡಿ, ಉಜ್ಜುವ ಪೇಸ್ಟು ಹಚ್ಚಿ, ಹಳಿಯ ಮೇಲೆ ಹಿಂದೆ ಮುಂದೆ ಆಡಿಸಿ, ಇಂಚಿನ ಸಾವಿರದ ಒಂದೆರಡು ಪಾಲು ಸಂದು ಉಳಿಯುವಂತೆ ಕೂರಿಸಿದರು. 1955ರಿಂದ ಸ್ಪ್ರಿಂಗ್‌ಫೀಲ್ಡ್ ಆಯುಧಾಗಾರ ಪಂದ್ಯಕ್ಕೆಂದೇ ಇಂಥ ಪಿಸ್ತೂಲು ತಯಾರಿಸಿತು. ಪಂದ್ಯದಲ್ಲಿ ಅದು ನಿಂತುಹೋದರೆ ಆ ಸರದಿಯನ್ನು ಮತ್ತೆ ಹೊಡೆಯಲು ಅವಕಾಶವುಂಟು. ಅದಕ್ಕೆ ಅವರು 'ಅಲಿಬೈ' ಎನ್ನುತ್ತಾರೆ.

ಆಟದಿಂದ ಬಿಗಿ ಬೀದಿಗೆ ಬಂತು. ಈಗ ಅಂಗಡಿಯಲ್ಲಿ ಕೊಳ್ಳುವ ದುಬಾರಿ ಪಿಸ್ತೂಲಿಗೆ ಬಿಗಿಯೇ ಬಿರುದು. ನೆರೆಮನೆಯವರ ಅಣ್ಣನ ಮಗ ಅಂಥದೊಂದನ್ನು ಕೊಂಡು ತಂದ. ಅವನು ರಾತ್ರಿ ಪಾಳಿಯ ಕಾವಲುಗಾರ. ಸೊಂಟದಲ್ಲಿ ಪಿಸ್ತೂಲು ಅವನ ಉದ್ಯೋಗದ ಭಾಗ. ಪಿಸ್ತೂಲು ನೋಡಲು ಲಕ್ಷಣವಾಗಿತ್ತು, ಸ್ಲೈಡು ಗಾಜಿನ ಮೇಲೆ ಗಾಜು ಕೂತಂತೆ ಕೂತಿತ್ತು. ಇಪ್ಪತ್ತು ಮೂವತ್ತು ಗುಂಡಿಗೊಮ್ಮೆ ಮಾತ್ರ ಆ ಉಗುರಿನಂಚಿನಷ್ಟು ದೂರದಲ್ಲಿ ನಿಂತುಬಿಡುತ್ತಿತ್ತು. ಹುಡುಗ ಹೆಬ್ಬೆರಳಿನಿಂದ ತಳ್ಳಿ ಮುಂದುವರಿಸುತ್ತಿದ್ದ. ಜೇಬಿನಲ್ಲಿ ಉಜ್ಜುವ ಪೇಸ್ಟಿನ ಡಬ್ಬಿಯನ್ನೂ ತಂದಿದ್ದ. ಒಂದು ಗಂಟೆ ಉಜ್ಜಿಬಿಟ್ಟರೆ ಬೆಣ್ಣೆಯಾಗುತ್ತದೆ, ನಾಳೆ ರಾತ್ರಿಯ ಪಾಳಿಗೆ ಕೊಂಡುಹೋಗಬಹುದು ಎಂದು ಅವನ ಲೆಕ್ಕ.

ಹಿರಿಯರು ಡಬ್ಬಿಯನ್ನು ತೆಗೆದು ಮೇಲಿನ ಶೆಲ್ಫಿನಲ್ಲಿಟ್ಟರು. "ಪಂದ್ಯದಲ್ಲಿ ಅಲಿಬೈ ಇದೆ. ನಿನ್ನ ಕೆಲಸದಲ್ಲಿ ಇಲ್ಲ. 500 ಗುಂಡು ಒಂದೂ ತಪ್ಪದೆ ಹಾರುವ ತನಕ ಇದು ನಿನ್ನ ಸೊಂಟಕ್ಕೆ ಬರಕೂಡದು. ಅಲ್ಲಿಯವರೆಗೆ ಹಳೆಯ ರಿವಾಲ್ವರನ್ನೇ ಕಟ್ಟಿಕೊಂಡು ಹೋಗು" ಎಂದರು. ಹುಡುಗನಿಗೆ ಮುಖ ಸಣ್ಣದಾಯಿತು. ಅಷ್ಟು ಹಣ ಕೊಟ್ಟು ತಂದದ್ದು ಹೊಸದು, ಕಟ್ಟಿಕೊಳ್ಳಬೇಕಾದದ್ದು ಹಳೆಯದು!

ಅವರು ಮಾಡಿದ ಕ್ರಮ ನಮ್ಮ ಕಾರ್ಖಾನೆಯ ಹಳೆಯ ಮೇಸ್ತ್ರಿಗಳ ಕ್ರಮವೇ. ಮೊದಲು ಮ್ಯಾಗಜಿನ್ನು ತೆಗೆದು, ಸ್ಲೈಡನ್ನು ಹಿಂದಕ್ಕೆಳೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿಮಾಡಿಕೊಂಡರು. ಕಾಫಿಗೆ ಎದ್ದುಹೋಗಿ ಬಂದರೆ ಮತ್ತೆ ಅದೇ ವಿಧಿ. ಬಳಿಕ ಬಿಚ್ಚಿ ತೊಳೆದರು. ಹೊಸ ಪಿಸ್ತೂಲಿನ ಮೇಲಿರುವ ಜಿಡ್ಡು ಬಹಳ ಸಲ ತುಕ್ಕು ಹಿಡಿಯದಿರಲೆಂದು ಸವರಿದ್ದು, ಜಾರಲೆಂದು ಹಾಕಿದ್ದಲ್ಲ. ಆಮೇಲೆ ಹಳಿಗಳಿಗೆ ಮಸಿ ಬಳಿದು, ಜೋಡಿಸಿ, ಕೈಯಿಂದ ಐವತ್ತು ಸಲ ಎಳೆದು ಬಿಟ್ಟು, ಮತ್ತೆ ಬಿಚ್ಚಿದರು. ಮಸಿ ಎಲ್ಲಿ ಅಳಿಸಿದೆಯೋ ಅಲ್ಲಿ ನಿಜವಾಗಿ ಉಜ್ಜುತ್ತದೆ. ಉಳಿದೆಡೆ ಉಜ್ಜುತ್ತದೆಂದು ನಾವು ಭಾವಿಸಿರುತ್ತೇವೆ. ನಾವೂ ಬೇರಿಂಗು ಕೂರಿಸುವಾಗ ನೀಲಿ ಬಳಿದು ಹೀಗೇ ನೋಡುತ್ತಿದ್ದೆವು. ಎಡಗಡೆಯ ಹಳಿಯ ಹಿಂತುದಿಯಲ್ಲಿ ಒಂದು ಕಡಲೆಯಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು. "ಸದ್ಯಕ್ಕೆ ನೋಡಿದ್ದಾಯಿತು, ಮುಟ್ಟುವುದು ಬೇಡ" ಎಂದರು ಹಿರಿಯರು.

ಇನ್ನು ಎಣ್ಣೆ. ಎಣ್ಣೆಯ ವಿಷಯದಲ್ಲಿ ಲೋಕಕ್ಕೆ ತಿಳಿವಳಿಕೆ ಬಂದದ್ದು ಇತ್ತೀಚೆಗೆ. 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಇಂಜಿನಿಯರು ರೈಲುಗಾಡಿಯ ಬೇರಿಂಗಿನ ಮೇಲೆ ಎಣ್ಣೆ ಬಿಡಲು ಒಂದು ತೂತು ಕೊರೆದ. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದ, ಅದು ಎದ್ದು ಬಂತು. ಮರದ ಗೂಟ ಬಡಿದ; ಅದೂ ಎದ್ದು ಬಂತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು, ಆ ಎಣ್ಣೆಯ ಪೊರೆಯ ಒತ್ತಡದ ಮೇಲೆ ತೇಲುತ್ತಿದೆ ಎಂದು ಆಸ್‌ಬರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದಿಂದ ವಿವರಿಸಿದ. ಪಿಸ್ತೂಲಿನ ಸ್ಲೈಡಿಗೆ ಮಾತ್ರ ಈ ಭಾಗ್ಯವಿಲ್ಲ. ಅದು ಹೊರಟು ನಿಲ್ಲುತ್ತದೆ, ತಿರುಗಿ ಬಂದು ನಿಲ್ಲುತ್ತದೆ. ತೇಲುವಷ್ಟು ವ್ಯವಧಾನ ಅದಕ್ಕಿಲ್ಲ. ಅಂಥ ಕಡೆ ಲೋಹಕ್ಕೆ ಅಂಟಿಕೊಂಡು ನಿಲ್ಲುವ, ಅಣುಗಳಷ್ಟೇ ದಪ್ಪದ ಪೊರೆಯೇ ಕಾಪಾಡಬೇಕು. ಇದನ್ನು 1922ರ ಸುಮಾರಿಗೆ ತೋರಿಸಿಕೊಟ್ಟವನು ವಿಲಿಯಂ ಹಾರ್ಡಿ, ಮೂಲತಃ ಜೀವಶಾಸ್ತ್ರದವನು.

ಆದುದರಿಂದ ಎಣ್ಣೆ ಬೇಕು, ಆದರೆ ಹೊಳೆ ಹರಿಯಬೇಕಿಲ್ಲ. ಹಳಿಗಳ ಮೇಲೆ, ನಳಿಗೆಯ ಬಾಯಿಯ ಹೊರಗೆ, ಕಚ್ಚುಗಳ ಮೇಲೆ ತೆಳುವಾಗಿ ಕಂಡರೆ ಸಾಕು. ತೋಟಾಕ್ಕೆ ಎಣ್ಣೆ ಸೋಕಬಾರದು, ಮದ್ದು ಕೆಡಬಹುದು. ದೂಳಿನ ಊರಿನಲ್ಲಿ ಹೆಚ್ಚು ಎಣ್ಣೆ ಹಾಕಿದರೆ ದೂಳೂ ಎಣ್ಣೆಯೂ ಸೇರಿ ತಾವೇ ಉಜ್ಜುವ ಪೇಸ್ಟಾಗುತ್ತವೆ. ಚಳಿಯ ಊರಿನಲ್ಲಿ ಗ್ರೀಸು ಗಟ್ಟಿಯಾಗುತ್ತದೆ. ನಮ್ಮ ಕೊಬ್ಬರಿ ಎಣ್ಣೆಯಂತೂ ಬೆಂಗಳೂರಿನ ಧನುರ್ಮಾಸಕ್ಕೇ ಹೆಪ್ಪುಗಟ್ಟುತ್ತದೆ. ಹೊಲಿಗೆ ಯಂತ್ರಕ್ಕೆ ಅದನ್ನು ಬಿಟ್ಟು ಪಟ್ಟ ಪಾಡು ಅನೇಕ ಮನೆಗಳಿಗೆ ನೆನಪಿರಬಹುದು.

ಮುಂದಿನ ಕೆಲಸ ಗುಂಡಿನದು. ಐದಾರು ಶನಿವಾರ ಚಿಕ್ಕಪ್ಪನೂ ಹುಡುಗನೂ ಮೈದಾನಕ್ಕೆ ಹೋದರು. ಪಾಳಿಯಲ್ಲಿ ಬಳಸುವ ತೋಟಾವನ್ನೇ ಹಾರಿಸಬೇಕು. ಪಂದ್ಯದ ಹಗುರ ತೋಟಾದಲ್ಲಿ ಸ್ಲೈಡನ್ನು ದೂಡುವ ಬಲ ಕಡಿಮೆ. ಮೂರು ಮ್ಯಾಗಜಿನ್ನುಗಳಿಗೆ 1, 2, 3 ಎಂದು ಅಂಕಿ ಹಾಕಿದರು. ನಿಂತಾಗಲೆಲ್ಲ ಎಷ್ಟನೆಯ ಗುಂಡು, ಯಾವ ಮ್ಯಾಗಜಿನ್ನು ಎಂದು ಪುಸ್ತಕದಲ್ಲಿ ಬರೆಯುವುದು ಹುಡುಗನ ಪಾಲು. ಎರಡನೆಯ ಶನಿವಾರದ ಹೊತ್ತಿಗೆ ಪುಸ್ತಕ ಮಾತನಾಡತೊಡಗಿತು: ನಿಂತ ಸಲಗಳಲ್ಲಿ ಮುಕ್ಕಾಲು ಪಾಲು 2ನೆಯ ಮ್ಯಾಗಜಿನ್ನಿನವು. ಅದರ ತುಟಿ ಒಂದು ಕಡೆ ಒಳಕ್ಕೆ ಬಾಗಿ ತೋಟಾವನ್ನು ಬಿಡಲು ಜಗ್ಗಾಡುತ್ತಿತ್ತು. ಅದನ್ನು ಎಸೆದು ಬೇರೆ ತಂದರು. ಉಳಿದ ಕಾಲುಪಾಲು ಆ ಕಡಲೆಯಷ್ಟು ಜಾಗದ್ದು. ಗುಂಡು ಹಾರುತ್ತ ಹಾರುತ್ತ ಅದೂ ತಾನಾಗಿಯೇ ಸವೆದು ಕಡಿಮೆಯಾಯಿತು. ಕೊನೆಗೆ ನುಣ್ಣನೆಯ ಸಾಣೆಕಲ್ಲಿನಿಂದ ನಾಲ್ಕು ಸಲ ಸವರಿದರು. ನಾಲ್ಕೇ ಸಲ, ನಾನು ಎಣಿಸಿದೆ. ಆಮೇಲೆ ಪಿಸ್ತೂಲು 500 ಗುಂಡು ನಿಲ್ಲದೆ ಹಾರಿಸಿತು.

ಮೊದಲ ದಿನವೇ ಪೇಸ್ಟು ಹಚ್ಚಿ ಉಜ್ಜಿದ್ದರೆ ಏನಾಗುತ್ತಿತ್ತು? ಮ್ಯಾಗಜಿನ್ನಿನ ತಪ್ಪಿಗೆ ಹಳಿ ಶಿಕ್ಷೆ ಅನುಭವಿಸುತ್ತಿತ್ತು. ಪಿಸ್ತೂಲು ಸಡಿಲವೂ ಆಗುತ್ತಿತ್ತು, ನಿಲ್ಲುವುದೂ ತಪ್ಪುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಉಜ್ಜಿ ತೆಗೆದ ಲೋಹವೂ ಆ ಪಟ್ಟಿಗೆ ಸೇರಬೇಕು. ಎಣ್ಣೆ ಹೆಚ್ಚಾದರೆ ಒರೆಸಬಹುದು, ಗುಂಡು ಇನ್ನೂ ನೂರು ಹಾರಿಸಿ ನೋಡಬಹುದು; ಅರ ಎಳೆದ ಮೇಲೆ ನೋಡುವುದು ಏನೂ ಉಳಿಯುವುದಿಲ್ಲ.

ಹುಡುಗನಿಗೆ ಇಷ್ಟಾದ ಮೇಲೆ ಉತ್ಸಾಹ ಬಂತು. "ಚಿಕ್ಕಪ್ಪ, ಟ್ರಿಗರ್ ಕೂಡ ಸ್ವಲ್ಪ ಒರಟಾಗಿದೆ, ಅದನ್ನೂ ಹೀಗೇ ಸವರಿದರೆ?" ಎಂದ. ಹಿರಿಯರು ಗದರಿದ್ದನ್ನು ನಾನು ಕಂಡದ್ದು ಆಗ ಒಂದೇ ಸಲ. ಟ್ರಿಗರಿನ ಹಿಂದೆ ಸಿಯರ್ ಎಂಬ ಸಣ್ಣ ಕೊಕ್ಕೆಯಿದೆ. ಬಡಿಯಲು ಎದ್ದು ನಿಂತ ಹ್ಯಾಮರನ್ನು ತಡೆದು ಹಿಡಿದಿರುವುದು ಅದೊಂದೇ. ಅದರ ಅಂಚು ಒಂದಿಷ್ಟು ಹೆಚ್ಚು ಸವೆದರೆ ಪಿಸ್ತೂಲು ಯಾರೂ ಒತ್ತದೆ ಸಿಡಿಯಬಹುದು. ಒಮ್ಮೆ ಒತ್ತಿದರೆ ಸಾಲಾಗಿ ಸಿಡಿಯಬಹುದು. "ಅದಕ್ಕೆ ತರಬೇತಾದ ಕೈ ಬೇರೆ ಇದೆ. ನನ್ನದೂ ಅಲ್ಲ, ನಿನ್ನದೂ ಅಲ್ಲ" ಎಂದರು. ಅರವತ್ತು ವರ್ಷ ಪಿಸ್ತೂಲು ಹಿಡಿದ ಮನುಷ್ಯ ಆಡಿದ ಈ ಮಾತು ನನಗೆ ಹಿಡಿಸಿತು. ಎಲ್ಲಿ ಕೈ ಇಡಬೇಕೆಂಬುದು ಕಸುಬಿನ ಅರ್ಧ. ಎಲ್ಲಿ ಇಡಬಾರದೆಂಬುದು ಉಳಿದರ್ಧ.

ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು, ನನ್ನಲ್ಲೂ ಎದ್ದಿತ್ತು. ಇದು ಹೊಲಿಗೆ ಯಂತ್ರವಲ್ಲ, ಹತ್ಯಾರು. ಅದು ಚೆನ್ನಾಗಿ ನಡೆಯಲೆಂದು ಇಷ್ಟು ಶ್ರದ್ಧೆ ಪಡುವುದನ್ನು ನೋಡಿ ಸಂತೋಷಪಡುವುದು ಸರಿಯೆ? ನನಗೆ ಪಿಸ್ತೂಲಿನ ಮೇಲೆ ಪ್ರೀತಿ ಹುಟ್ಟಲಿಲ್ಲ. ಊಟದ ಕೋಣೆಯಲ್ಲಿ ಅದರ ಮಾತು ಬಂದಾಗ ಮಗಳ ಮುಖ ಬಿಗಿಯುತ್ತಿದ್ದುದನ್ನೂ ನಾನು ಕಂಡಿದ್ದೇನೆ. ಅವಳದು ತಪ್ಪೆಂದು ಹೇಳಲಾರೆ. ಆದರೆ ಆ ಹುಡುಗನಂತೂ ರಾತ್ರಿ ಹೊರಡುವವನೇ. ಸೊಂಟದಲ್ಲಿರುವುದು ಬೇಕಾದಾಗ ನಿಂತುಹೋಗುವಂಥದೂ ಆಗಬಾರದು, ಬೇಡದಾಗ ಸಿಡಿಯುವಂಥದೂ ಆಗಬಾರದು. ಅದು ಕೆಲಸ ಮಾಡದಿರಲಿ ಎಂದು ನಾನು ಹಾರೈಸಲಾರೆ. ಅದಕ್ಕೆ ಕೆಲಸವೇ ಬಾರದಿರಲಿ ಎಂದು ಹಾರೈಸಬಲ್ಲೆ. ಇವೆರಡೂ ಒಂದೇ ಅಲ್ಲ.

ಇದನ್ನೆಲ್ಲ ಸಂಸಾರಕ್ಕೂ ಸ್ನೇಹಕ್ಕೂ ಹೊಂದಿಸಿ ಉಪದೇಶ ಮಾಡುವುದು ಸುಲಭ. ಓದುಗರು ತಾವೇ ಮಾಡಿಕೊಳ್ಳಬಲ್ಲರು. ಸಡಿಲದ ವಕೀಲನಾಗಿ ನಾನು ಕೇಳುವುದು ಇಷ್ಟೆ: ಬಿಗಿ ಒಳ್ಳೆಯದೊ ಸಡಿಲ ಒಳ್ಳೆಯದೊ ಎಂದು ಒಟ್ಟಾಗಿ ತೀರ್ಪು ಕೊಡಬೇಡಿ; ಯಾವ ಜಾಗ ಎಂದು ಕೇಳಿ. ನಮ್ಮ ಎತ್ತಿನ ಗಾಡಿಯವರು ಇದನ್ನು ಬ್ರೌನಿಂಗನಿಗಿಂತ ಮೊದಲೇ ಬಲ್ಲವರಾಗಿದ್ದರು. ಹುಲ್ಲು ಸುಟ್ಟ ಕರಿಯನ್ನು ಎಣ್ಣೆಯಲ್ಲಿ ಕಲಸಿದ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಗೇ ತೂಗುಹಾಕಿಕೊಂಡು ಹೊರಡುತ್ತಿದ್ದರು. ಗಾಲಿ ಅಚ್ಚಿನ ಮೇಲೆ ಕೊಂಚ ಸಡಿಲವಾಗಿಯೇ ಇರುತ್ತಿತ್ತು, ಇಲ್ಲದಿದ್ದರೆ ಉರುಳುವುದೆಂತು? ಕಡಾಣಿಯನ್ನು ಮಾತ್ರ ಹೊರಡುವ ಮುಂಚೆ ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡುತ್ತಿದ್ದರು. ಅದು ಅಲ್ಲಾಡಿದರೆ ಗಾಡಿ ಹೂಡುತ್ತಿರಲಿಲ್ಲ.